ಕೈಗಾದ ಅನುಪಾಲನಾ ವರದಿ ಸಂಸತ್ತಿನ ಮುಂದೆ ಬರಲಿ: ಕರಾವಳಿಯ ಮೂವರು ಸಂಸದರಿಗೆ ಬಹಿರಂಗ ಪತ್ರ

ಗೆ,
ದಕ್ಷಿಣ ಕನ್ನಡ, ಉಡುಪಿ–ಚಿಕ್ಕಮಗಳೂರು ಮತ್ತು ಉತ್ತರ ಕನ್ನಡ ಕ್ಷೇತ್ರಗಳ ಮಾನ್ಯ ಲೋಕಸಭಾ ಸದಸ್ಯರು

ವಿಷಯ: ಅಣು ವಿದ್ಯುತ್ ಸ್ಥಾವರಗಳಲ್ಲಿ ಅಪಘಾತಗಳ ನಂತರ ಸೂಚಿಸಲಾದ ಸುರಕ್ಷತಾ ಸುಧಾರಣೆಗಳ ಜಾರಿಯ ಕುರಿತು ಪ್ರತಿವರ್ಷ ಸಂಸತ್ತಿಗೆ ವರದಿ ಸಲ್ಲಿಸಬೇಕೆಂಬ ಕೋರಿಕೆ

ಮಾನ್ಯರೇ,

ನಾನು ಉಡುಪಿ ತಾಲ್ಲೂಕಿನವನು. ಮೂರು ದಶಕಕ್ಕೂ ಹೆಚ್ಚು ಕಾಲ ಪದವಿಪೂರ್ವ ತರಗತಿಗಳಿಗೆ ಭೌತಶಾಸ್ತ್ರ ಕಲಿಸಿ ನಿವೃತ್ತನಾಗಿದ್ದೇನೆ. ನ್ಯೂಕ್ಲಿಯರ್ ವಿದಳನದ ಪಾಠ ಬಂದಾಗಲೆಲ್ಲ ಕೈಗಾದ ಹೆಸರು ಹೇಳದೆ ತರಗತಿ ಮುಗಿಸಿದವನಲ್ಲ. ನನ್ನಲ್ಲಿ ಕಲಿತ ಕೆಲವರು ಇಂದು ಅದೇ ಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದಾರೆ. ಅವರ ಕೌಶಲದ ಬಗ್ಗೆ, ಎಚ್ಚರದ ಬಗ್ಗೆ ನನಗೆ ಅಭಿಮಾನವಿದೆ. ಆದ್ದರಿಂದ ಈ ಪತ್ರವನ್ನು ಅಣು ವಿದ್ಯುತ್ತೇ ಬೇಡವೆನ್ನುವವನ ಪತ್ರವೆಂದು ತಾವು ಓದಬಾರದು. ಹಾಗೆಂದು, ಬೇಡವೆಂದವರನ್ನು ಹಗುರವಾಗಿ ಕಾಣುವವನೂ ನಾನಲ್ಲ. ನಮ್ಮ ಕೋಟದ ಶಿವರಾಮ ಕಾರಂತರು ತಮ್ಮ ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತದ್ದು ಕೈಗಾದ ಪ್ರಶ್ನೆಯನ್ನು ಜನರ ಮುಂದಿಡುವುದಕ್ಕಾಗಿ. ಅವರು ಸೋತರು, ಸ್ಥಾವರ ಎದ್ದಿತು. ಅವರೆತ್ತಿದ ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಇಂದಿಗೂ ನೇರವಾದ ಉತ್ತರ ಸಿಕ್ಕಿಲ್ಲ: ಏನಾದರೂ ತಪ್ಪಾದರೆ ಅದನ್ನು ಸರಿಪಡಿಸಿದ್ದಾರೋ ಇಲ್ಲವೋ ಎಂದು ನೋಡುವವರು ಯಾರು, ಮತ್ತು ಅವರು ನೋಡಿದ್ದನ್ನು ನಮಗೆ ಹೇಳುವವರು ಯಾರು?

ಒಂದು ಸಣ್ಣ ಅನುಭವದಿಂದ ಆರಂಭಿಸುತ್ತೇನೆ. ಪಾಠದ ಜೊತೆಗೆ ನಾನು ಎರಡು ಅವಧಿಗೆ ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ನಿರ್ದೇಶಕನಾಗಿದ್ದೆ. ದೊಡ್ಡ ಸಂಘವೇನೂ ಅಲ್ಲ. ಆದರೂ ಪ್ರತಿವರ್ಷ ಲೆಕ್ಕಪರಿಶೋಧಕರು ಬಂದು, ದಾಖಲೆಗಳನ್ನು ನೋಡಿ, ನ್ಯೂನತೆಗಳ ಪಟ್ಟಿ ಬರೆದಿಟ್ಟು ಹೋಗುತ್ತಿದ್ದರು: ಪಶು ಆಹಾರದ ಚೀಲಗಳ ಎಣಿಕೆಗೂ ದಾಸ್ತಾನು ಪುಸ್ತಕಕ್ಕೂ ತಾಳೆಯಾಗುವುದಿಲ್ಲ, ಹಾಲಿನ ಜಿಡ್ಡು ಅಳೆಯುವ ಯಂತ್ರವನ್ನು ತಪಾಸಣೆಗೆ ಕಳುಹಿಸಿಲ್ಲ, ಹೀಗೆ. ಆ ಒಂದೊಂದು ನ್ಯೂನತೆಗೂ ಏನು ಮಾಡಿದೆವು, ಯಾವಾಗ ಮಾಡಿದೆವು, ಮಾಡದಿದ್ದರೆ ಏಕೆ ಮಾಡಲಿಲ್ಲ ಎಂದು ಅನುಪಾಲನಾ ವರದಿ ಬರೆದು ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯ ಮುಂದಿಡುತ್ತಿದ್ದೆವು. ಒಂದು ವರ್ಷ ಎರಡು ನ್ಯೂನತೆಗಳ ಎದುರು 'ಕ್ರಮ ಕೈಗೊಳ್ಳಲಾಗುವುದು' ಎಂದಷ್ಟೇ ಬರೆದಿದ್ದೆವು. ಸಭೆಯ ಹಿಂಬದಿಯಲ್ಲಿ ಕುಳಿತಿದ್ದ ಹಿರಿಯ ಸದಸ್ಯೆಯೊಬ್ಬರು ಎದ್ದು ನಿಂತು, "ಕಳೆದ ವರ್ಷವೂ ಇದನ್ನೇ ಓದಿದ್ರಲ್ಲ ಮಾಸ್ಟ್ರೇ, ಕೈಗೊಳ್ಳಲಾಗುವುದು ಅಂದ್ರೆ ಯಾವಾಗ?" ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಮುಂದಿನ ತಿಂಗಳೇ ಎರಡೂ ಕೆಲಸಗಳು ಮುಗಿದವು.

ಅಣು ವಿದ್ಯುತ್ ಸ್ಥಾವರಗಳ ವಿಷಯದಲ್ಲಿ ಆ ತಾಯಿಯ ಪ್ರಶ್ನೆಯನ್ನು ಕೇಳುವ ಸ್ಥಳ ನಮ್ಮ ದೇಶದಲ್ಲಿ ಯಾವುದು ಎಂದು ಹುಡುಕುತ್ತಾ ಹೋದರೆ ತಾವು ಕುಳಿತಿರುವ ಸದನ ಬಿಟ್ಟು ಬೇರೆ ಸಿಗುವುದಿಲ್ಲ. ಅಲ್ಲಿ ಅದನ್ನು ಪ್ರತಿವರ್ಷ, ತಪ್ಪದೆ, ಕಾಯ್ದೆಯ ಬಲದಿಂದಲೇ ಕೇಳುವ ವ್ಯವಸ್ಥೆಯಾಗಬೇಕು ಎಂಬುದೇ ನನ್ನ ಕೋರಿಕೆ.

ಇಂಥ ವ್ಯವಸ್ಥೆ ಕಲ್ಪನೆಯದಲ್ಲ. ಜಪಾನಿನಲ್ಲಿ ಅದು ಜಾರಿಯಲ್ಲಿದೆ, ಮತ್ತು ಬಹಳ ದೊಡ್ಡ ಬೆಲೆ ತೆತ್ತ ಮೇಲೆ ಬಂದಿದೆ. 2011ರ ಮಾರ್ಚ್ 11ರಂದು 9.0 ತೀವ್ರತೆಯ ಭೂಕಂಪ, ಅದರ ಹಿಂದೆಯೇ ಸುನಾಮಿ. ಫುಕುಶಿಮಾ ದಾಯಿಚಿ ಸ್ಥಾವರವನ್ನು ಸುಮಾರು 6 ಮೀಟರ್ ಎತ್ತರದ ಅಲೆಯ ಲೆಕ್ಕದಲ್ಲಿ ಸಜ್ಜುಗೊಳಿಸಲಾಗಿತ್ತು. ಬಂದದ್ದು ಅದರ ಎರಡು ಪಟ್ಟಿಗೂ ಮೀರಿದ ಅಲೆ. ವಿದ್ಯುತ್ ಸಂಪರ್ಕ ಹೋಯಿತು, ಡೀಸೆಲ್ ಜನರೇಟರುಗಳು ಮುಳುಗಿದವು, ಮೂರು ರಿಯಾಕ್ಟರುಗಳ ಇಂಧನ ಕರಗಿತು. ಇದನ್ನು ಪ್ರಕೃತಿಯ ಕೋಪವೆಂದು ಹೇಳಿ ಮುಗಿಸಬಹುದಿತ್ತು. ಆದರೆ ಸ್ಥಾವರವನ್ನು ನಡೆಸುತ್ತಿದ್ದ ಟೆಪ್ಕೊ ಕಂಪನಿಯ ಒಳಗೆ, 2008ರಲ್ಲಿಯೇ, 15 ಮೀಟರಿಗೂ ಎತ್ತರದ ಅಲೆ ಬರಬಹುದೆಂಬ ಲೆಕ್ಕ ಸಿದ್ಧವಾಗಿತ್ತು. ಲೆಕ್ಕ ಕಡತದಲ್ಲಿ ಉಳಿಯಿತು, ಗೋಡೆ ಏಳಲಿಲ್ಲ. ಅದನ್ನು ಕೇಳಬೇಕಾಗಿದ್ದ ನಿಯಂತ್ರಣ ಸಂಸ್ಥೆ, ಅಣು ವಿದ್ಯುತ್ತನ್ನು ಬೆಳೆಸುವ ಹೊಣೆ ಹೊತ್ತಿದ್ದ ಆರ್ಥಿಕ ಮತ್ತು ಕೈಗಾರಿಕಾ ಸಚಿವಾಲಯದ ಅಡಿಯಲ್ಲೇ ಇತ್ತು.

ಜಪಾನಿನ ಸಂಸತ್ತು ಆಗ ತನ್ನದೇ ಆದ ಸ್ವತಂತ್ರ ತನಿಖಾ ಆಯೋಗವನ್ನು ರಚಿಸಿತು. ಅದರ ಇತಿಹಾಸದಲ್ಲಿ ಅಂಥ ಆಯೋಗ ಅದೇ ಮೊದಲು. ವೈದ್ಯ ವಿಜ್ಞಾನಿ ಕಿಯೋಶಿ ಕುರೊಕಾವಾ ಅಧ್ಯಕ್ಷರು. ಸಾವಿರಕ್ಕೂ ಹೆಚ್ಚು ಜನರ ಹೇಳಿಕೆ ಪಡೆದು 2012ರ ಜುಲೈಯಲ್ಲಿ ಕೊಟ್ಟ ವರದಿಯಲ್ಲಿ ಆಯೋಗ ಇದನ್ನು ಮನುಷ್ಯ ನಿರ್ಮಿತ ದುರಂತವೆಂದು ಕರೆಯಿತು; ಸರ್ಕಾರ, ನಿಯಂತ್ರಕರು ಮತ್ತು ಕಂಪನಿ ಒಳಗೊಳಗೇ ಹೊಂದಿಕೊಂಡು ನಡೆದದ್ದೇ ಇದಕ್ಕೆ ಕಾರಣವೆಂದಿತು. ಅದರ ಮೊದಲ ಶಿಫಾರಸು ಯಾವ ಯಂತ್ರದ ಬಗ್ಗೆಯೂ ಇರಲಿಲ್ಲ. ನಿಯಂತ್ರಣ ಸಂಸ್ಥೆಯ ಮೇಲೆ ಕಣ್ಣಿಡಲು ಸಂಸತ್ತಿನಲ್ಲಿ ಶಾಶ್ವತ ಸಮಿತಿ ಇರಬೇಕು ಎಂಬುದೇ ಆ ಶಿಫಾರಸು. ಕೆಳಮನೆಯಲ್ಲಿ 2013ರಲ್ಲಿ ವಿಶೇಷ ಸಮಿತಿ ರಚನೆಯಾಯಿತು. ಅದಕ್ಕಿಂತ ಮುಖ್ಯವಾದುದೊಂದು ನಡೆಯಿತು: ಆಯೋಗದ ವರದಿಯನ್ನು ಅನುಸರಿಸಿ ಕೈಗೊಂಡ ಕ್ರಮಗಳ ಬಗ್ಗೆ ಸಚಿವ ಸಂಪುಟವು ಪ್ರತಿವರ್ಷ ಸಂಸತ್ತಿಗೆ ವರದಿ ಸಲ್ಲಿಸಬೇಕೆಂಬ ಮಾತು ಅಲ್ಲಿನ ಸಂಸತ್ತಿನ ಕಾಯ್ದೆಯಲ್ಲೇ ಸೇರಿಕೊಂಡಿತು. ನಮ್ಮ ಹಾಲಿನ ಸಂಘದ ಭಾಷೆಯಲ್ಲಿ ಹೇಳುವುದಾದರೆ, ಅನುಪಾಲನಾ ವರದಿ.

ಹೊಸ ನಿಯಂತ್ರಣ ಪ್ರಾಧಿಕಾರ 2012ರ ಸೆಪ್ಟೆಂಬರಿನಲ್ಲಿ ಬಂತು. ಮರುವರ್ಷ ಜುಲೈಯಲ್ಲಿ ಹೊಸ ಮಾನದಂಡಗಳು ಬಂದವು. ಹಳೆಯ ಸ್ಥಾವರಗಳೂ ಹೊಸ ಮಾನದಂಡಕ್ಕೆ ಏರದೆ ಮತ್ತೆ ಚಾಲೂ ಆಗುವಂತಿಲ್ಲ ಎಂದಾಯಿತು. ಇದೇ ಪ್ರಾಧಿಕಾರ 2024ರ ನವೆಂಬರಿನಲ್ಲಿ ತ್ಸುರುಗಾ ಸ್ಥಾವರದ ಎರಡನೆಯ ಘಟಕಕ್ಕೆ ಅನುಮತಿಯನ್ನು ನಿರಾಕರಿಸಿತು. ರಿಯಾಕ್ಟರಿನ ಅಡಿಯಲ್ಲಿ ಭೂಕಂಪ ಉಂಟುಮಾಡಬಲ್ಲ ಜೀವಂತ ಬಿರುಕು ಇರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬುದು ಕಾರಣ. ಕಂಪನಿ ಸಲ್ಲಿಸಿದ ಭೂವೈಜ್ಞಾನಿಕ ದಾಖಲೆಗಳಲ್ಲಿ ತಿದ್ದುಪಡಿಗಳಾಗಿದ್ದವೆಂಬುದೂ ಪರಿಶೀಲನೆಯ ನಡುವೆ ಬಯಲಾಗಿತ್ತು. ಅಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ರಿಯಾಕ್ಟರುಗಳನ್ನು 60 ವರ್ಷ ಮೀರಿಯೂ ನಡೆಸಲು ದಾರಿಯಾಗುವ ನಿಯಮ ಬದಲಾವಣೆಯನ್ನು 2023ರಲ್ಲಿ ಅದೇ ಪ್ರಾಧಿಕಾರ ಒಪ್ಪಿತು. ಆದರೆ ಪ್ರಾಧಿಕಾರದ ಐವರು ಸದಸ್ಯರಲ್ಲಿ ಒಬ್ಬರು, ಭೂವಿಜ್ಞಾನಿ ಅಕಿರಾ ಇಶಿವತಾರಿ, ಅದನ್ನು ಎಲ್ಲರೆದುರಿಗೇ ವಿರೋಧಿಸಿದರು, ಮತ್ತು ನಾಲ್ಕು ಒಂದರ ಆ ಮತ ಜಗತ್ತಿಗೆಲ್ಲ ಗೊತ್ತಾಯಿತು. ನಮ್ಮ ಅಣು ಸ್ಥಾವರಗಳ ಸುರಕ್ಷತೆಯ ಮೇಲೆ ಕಣ್ಣಿಡುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯಲ್ಲಿ ಯಾರಾದರೂ, ಯಾವ ವಿಷಯಕ್ಕಾದರೂ, ಭಿನ್ನಮತ ದಾಖಲಿಸಿದರೆ ಅದು ಉಡುಪಿಯಲ್ಲಿ ಕುಳಿತ ನನಗೆ ತಿಳಿಯುವ ಬಗೆ ಹೇಗೆಂದು ಯೋಚಿಸುತ್ತೇನೆ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ.

1994ರ ಮೇ 13ರಂದು, ಕೈಗಾದ ಒಂದನೆಯ ಘಟಕ ಇನ್ನೂ ಕಟ್ಟುವ ಹಂತದಲ್ಲಿದ್ದಾಗ, ರಿಯಾಕ್ಟರ್ ಕಟ್ಟಡದ ಒಳ ಗುಮ್ಮಟದ ಕಾಂಕ್ರೀಟು ಪದರ ಕಳಚಿ ಕುಸಿದು ಬಿತ್ತು. ಅಪಘಾತವಾದರೆ ವಿಕಿರಣವನ್ನು ಒಳಗೇ ಹಿಡಿದಿಡಬೇಕಾದ ಗುಮ್ಮಟವೇ ಅದು. ರಿಯಾಕ್ಟರಿನಲ್ಲಿ ಇಂಧನ ಇರಲಿಲ್ಲ. ಕೆಲವರಿಗೆ ಗಾಯವಾದದ್ದು ಬಿಟ್ಟರೆ ಜೀವಹಾನಿ ಆಗಲಿಲ್ಲ. ಆಗ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದವರು ಎ. ಗೋಪಾಲಕೃಷ್ಣನ್. ಕೈಗಾದಲ್ಲಿ ಮಾತ್ರವಲ್ಲದೆ, ಅದೇ ವಿನ್ಯಾಸದ ರಾಜಸ್ಥಾನದ ಘಟಕಗಳಲ್ಲೂ ಕೆಲಸ ನಿಂತಿತು, ಗುಮ್ಮಟದ ವಿನ್ಯಾಸ ಬದಲಾಯಿತು, ಒಂದನೆಯ ಘಟಕ ವಿದ್ಯುತ್ ಕೊಡಲು 2000ನೆಯ ಇಸವಿ ಬರಬೇಕಾಯಿತು. ನಿಯಂತ್ರಣ ಮಂಡಳಿ ಗಟ್ಟಿಯಾಗಿ ನಿಂತರೆ ಏನಾಗಬಹುದೆಂಬುದಕ್ಕೆ ಇದು ಸಾಕ್ಷಿ. ಅದೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ದಾಖಲೆ ಮಾಡಿತೆಂದು ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯ ಅಡಿಪಾಯದಲ್ಲಿ 1994ರಲ್ಲಿ ಕೆಲಸ ನಿಲ್ಲಿಸಿದ ಆ ನಿರ್ಧಾರವೂ ಇದೆ.

ಅದಕ್ಕೂ ಹಿಂದಿನ ವರ್ಷ ಉತ್ತರ ಪ್ರದೇಶದ ನರೋರಾದಲ್ಲಿ ನಡೆದದ್ದನ್ನು ನಾನು ತರಗತಿಯಲ್ಲಿ ಹಲವು ಬಾರಿ ಹೇಳಿದ್ದೇನೆ. 1993ರ ಮಾರ್ಚ್ 31ರ ನಸುಕಿನಲ್ಲಿ ಟರ್ಬೈನಿನ ಅಲಗುಗಳು ಮುರಿದು ಹಾರಿದವು, ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು, ಬೆಂಕಿ ಕೇಬಲ್ಲುಗಳ ಗುಂಟ ಓಡಿತು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಇಟ್ಟಿದ್ದ ತುರ್ತು ವಿದ್ಯುತ್ತಿನ ಕೇಬಲ್ಲುಗಳು ಒಂದರ ಪಕ್ಕ ಒಂದು, ನಡುವೆ ಬೆಂಕಿ ತಡೆಯುವ ಗೋಡೆಯಿಲ್ಲದೆ ಇದ್ದುದರಿಂದ, ಎಲ್ಲವೂ ಒಟ್ಟಿಗೇ ಸುಟ್ಟುಹೋದವು. ಸ್ಥಾವರ 17 ಗಂಟೆಗಳ ಕಾಲ ಕತ್ತಲೆಯಲ್ಲಿತ್ತು. ರಿಯಾಕ್ಟರನ್ನು ಆಗಲೇ ನಿಲ್ಲಿಸಿದ್ದರೂ ಅದು ಮತ್ತೆ ಜೀವ ಹಿಡಿಯದಂತೆ ನೋಡಿಕೊಳ್ಳಲು ಸಿಬ್ಬಂದಿ ಟಾರ್ಚ್ ಹಿಡಿದು ಕಟ್ಟಡ ಹತ್ತಿ, ಬೋರಾನ್ ಬೆರೆತ ದ್ರಾವಣವನ್ನು ಕೈಯಾರೆ ಒಳಗೆ ಬಿಟ್ಟರು. ಬೆಂಕಿ ನಂದಿಸಲು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ನೀರು ಹಾಯಿಸಿ ಶಾಖವನ್ನು ಹೊರಹಾಕಿದರು. ಅವರ ಧೈರ್ಯಕ್ಕೆ ಕೈಮುಗಿಯಬೇಕು. ಆದರೆ ಕೇಬಲ್ಲುಗಳ ನಡುವೆ ಒಂದು ಗೋಡೆ ಇದ್ದಿದ್ದರೆ ಆ ಧೈರ್ಯದ ಅಗತ್ಯವೇ ಬೀಳುತ್ತಿರಲಿಲ್ಲ. ಮರುವರ್ಷ ಜೂನಿನಲ್ಲಿ ಗುಜರಾತಿನ ಕಾಕ್ರಾಪಾರದಲ್ಲಿ, ಮಳೆಗೆ ಪಕ್ಕದ ಕೆರೆ ಉಕ್ಕಿ ಟರ್ಬೈನ್ ಕಟ್ಟಡಕ್ಕೆ ನೀರು ನುಗ್ಗಿತು. ಕೈಗಾ ನಿಂತಿರುವುದು ಕದ್ರಾ ಜಲಾಶಯದ ದಂಡೆಯಲ್ಲಿ, ಮೇಲೆ ಕೊಡಸಳ್ಳಿ, ಅದರ ಮೇಲೆ ಸೂಪಾ. ಕಾಕ್ರಾಪಾರದ ಪಾಠ ನಮಗೆ ದೂರದ್ದಲ್ಲ.

ಈ ಘಟನೆಗಳ ನಂತರ ಗೋಪಾಲಕೃಷ್ಣನ್ ಅವರ ಕಾಲದಲ್ಲಿ ಮಂಡಳಿ ದೇಶದ ಅಣು ಘಟಕಗಳಲ್ಲಿ ಸರಿಪಡಿಸಬೇಕಾದ ಸುರಕ್ಷತಾ ವಿಷಯಗಳ ಒಂದು ಪಟ್ಟಿಯನ್ನು ಮಾಡಿತು. ಅದರಲ್ಲಿ ಸುಮಾರು 130 ವಿಷಯಗಳಿದ್ದವೆಂದು ಅವರೇ ನಿವೃತ್ತಿಯ ನಂತರ ಬರೆದಿದ್ದಾರೆ. ಆ ಪಟ್ಟಿಯನ್ನು ಜನರ ಮುಂದೆ ಇಡಲಿಲ್ಲ. ಇರಬಹುದು, ಅವುಗಳಲ್ಲಿ ಬಹುಪಾಲು ಸರಿಯಾಗಿರಬಹುದು. ನನ್ನ ವಿದ್ಯಾರ್ಥಿಗಳ ಮೇಲಿನ ನಂಬಿಕೆಯಿಂದ ಹಾಗೆಂದೇ ಭಾವಿಸಲು ಇಷ್ಟಪಡುತ್ತೇನೆ. ಆದರೆ ನಂಬಿಕೆ ಬೇರೆ, ಲೆಕ್ಕ ಬೇರೆ. ನಮ್ಮ ಸಂಘದ ಕಾರ್ಯದರ್ಶಿಯನ್ನೂ ಊರೆಲ್ಲ ನಂಬಿತ್ತು. ಹಾಗೆಂದು ಮಹಾಸಭೆಯಲ್ಲಿ ಲೆಕ್ಕ ಓದುವುದನ್ನು ಯಾರೂ ಬಿಡಲಿಲ್ಲ.

ಲೆಕ್ಕ ಕೇಳಿದ ಒಂದು ಸಂದರ್ಭವೂ ಇದೆ. ಮಹಾಲೇಖಪಾಲರು 2012ರಲ್ಲಿ ನಿಯಂತ್ರಣ ಮಂಡಳಿಯ ಕೆಲಸವನ್ನೇ ಪರಿಶೋಧಿಸಿ ಸಂಸತ್ತಿಗೆ ವರದಿ ಕೊಟ್ಟರು. 1983ರಲ್ಲಿ ಮಂಡಳಿಯನ್ನು ಸ್ಥಾಪಿಸಿದ ಆದೇಶದಲ್ಲೇ ದೇಶಕ್ಕೊಂದು ಸುರಕ್ಷತಾ ನೀತಿ ರೂಪಿಸಬೇಕೆಂದಿದ್ದರೂ ಅದು ಸಿದ್ಧವಾಗಿರಲಿಲ್ಲ. ಬೇಕೆಂದು ಗುರುತಿಸಿದ್ದ 168 ಸಂಹಿತೆ ಮತ್ತು ಮಾರ್ಗಸೂಚಿಗಳಲ್ಲಿ 27 ಇನ್ನೂ ಬರೆದಾಗಿರಲಿಲ್ಲ. ನಿಯಮ ಮೀರಿದವರಿಗೆ ಇದ್ದ ಗರಿಷ್ಠ ದಂಡ 500 ರೂಪಾಯಿ. ಎಲ್ಲಕ್ಕಿಂತ ಮಿಗಿಲಾಗಿ, ಮಂಡಳಿಯು ಪರಮಾಣು ಶಕ್ತಿ ಆಯೋಗಕ್ಕೆ ವರದಿ ಮಾಡುತ್ತಿತ್ತು. ಆ ಆಯೋಗದ ಅಧ್ಯಕ್ಷರು ಪರಮಾಣು ಶಕ್ತಿ ಇಲಾಖೆಯ ಕಾರ್ಯದರ್ಶಿಗಳೇ. ಸ್ಥಾವರಗಳನ್ನು ಕಟ್ಟಿ ನಡೆಸುವ ನಿಗಮವೂ ಅದೇ ಇಲಾಖೆಯದು. ಮರುವರ್ಷ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಇದನ್ನು ಗಂಭೀರವಾಗಿ ಎತ್ತಿಕೊಂಡಿತು. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಂಡ 2015ರಲ್ಲಿ ಬಂದು ನೋಡಿದಾಗ, ಮಂಡಳಿಯ ಸ್ವಾತಂತ್ರ್ಯವನ್ನು ಕಾಯ್ದೆಯಲ್ಲಿಯೇ ಬರೆಯಬೇಕು ಎಂದು ಸರ್ಕಾರಕ್ಕೆ ಶಿಫಾರಸು ಮಾಡಿತು. ಫುಕುಶಿಮಾದ ಬಿಸಿಯಲ್ಲಿ, 2011ರ ಸೆಪ್ಟೆಂಬರಿನಲ್ಲಿ, ಲೋಕಸಭೆಯಲ್ಲಿ ಮಂಡಿಸಿದ್ದ ಸುರಕ್ಷತಾ ನಿಯಂತ್ರಣ ಪ್ರಾಧಿಕಾರದ ಮಸೂದೆ ಅಷ್ಟರಲ್ಲಾಗಲೇ, 2014ರಲ್ಲಿ ಆ ಲೋಕಸಭೆಯ ಅವಧಿಯೊಂದಿಗೆ, ಬಿದ್ದುಹೋಗಿತ್ತು.

2025ರ ಡಿಸೆಂಬರಿನಲ್ಲಿ ತಾವು ಚರ್ಚಿಸಿ ಅಂಗೀಕರಿಸಿದ 'ಶಾಂತಿ' (SHANTI) ಎಂಬ ಅಣು ಶಕ್ತಿ ಕಾಯ್ದೆ 1962ರ ಹಳೆಯ ಪರಮಾಣು ಶಕ್ತಿ ಕಾಯ್ದೆಯ ಜಾಗಕ್ಕೆ ಬಂದು, ಖಾಸಗಿ ಕಂಪನಿಗಳಿಗೂ ಅಣು ವಿದ್ಯುತ್ತಿನ ಬಾಗಿಲು ತೆರೆದಿದೆ, ಜೊತೆಗೆ ನಿಯಂತ್ರಣ ಮಂಡಳಿಗೆ ಶಾಸನದ ಮಾನ್ಯತೆಯನ್ನೂ ಕೊಟ್ಟಿದೆ. ಎರಡನೆಯದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಬೇಡಿಕೆ ಈಡೇರಲು ದಶಕಗಳೇ ಬೇಕಾದವು. ಆದರೆ ಮಾನ್ಯತೆ ಕಾಗದದ ಮೇಲೆ ಬಂದ ಮಾತ್ರಕ್ಕೆ ಸ್ವಾತಂತ್ರ್ಯ ಕೈಗೆ ಬರುವುದಿಲ್ಲ. ಮಂಡಳಿಗೆ ಅಧ್ಯಕ್ಷರನ್ನು ಆರಿಸುವಲ್ಲಿ ಇಲಾಖೆಯ ಹೊರಗಿನವರ ಮಾತು ಎಷ್ಟು ನಡೆಯುತ್ತದೆ, ಮಂಡಳಿಯ ಹಣ ಎಲ್ಲಿಂದ ಬರುತ್ತದೆ, ಅದು ತನ್ನ ವರದಿಯನ್ನು ಯಾರಿಗೆ ಒಪ್ಪಿಸುತ್ತದೆ ಎಂಬ ಮೂರರ ಮೇಲೆಯೇ ಆ ಸ್ವಾತಂತ್ರ್ಯ ನಿಂತಿರುವುದು. ಲಾಭದ ಲೆಕ್ಕ ಹಾಕುವ ಕಂಪನಿಗಳು ಈ ಕ್ಷೇತ್ರಕ್ಕೆ ಬರುವಾಗ, ಮಂಡಳಿ ವರದಿ ಒಪ್ಪಿಸಬೇಕಾದ ಜಾಗ ಇಲಾಖೆಯ ಕೋಣೆಯಾಗಿರದೆ ಸಂಸತ್ತಾಗಿರಬೇಕು.

ಇದರಲ್ಲಿ ಉಡುಪಿ, ಮಂಗಳೂರಿನವರಿಗೇನು ಎಂದು ಕೇಳುವವರಿದ್ದಾರೆ. ಕೈಗಾದಲ್ಲಿ ಈಗ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ನಡೆಯುತ್ತಿವೆ. ತಲಾ 700 ಮೆಗಾವಾಟಿನ ಇನ್ನೆರಡು ಬರುತ್ತಿವೆ. 880 ಮೆಗಾವಾಟು 2,280 ಆಗಲಿದೆ. ಅಪಘಾತದ ಕಾಲಕ್ಕೆ ಸ್ಥಾವರದ ಸುತ್ತಲಿನ 16 ಕಿಲೋಮೀಟರಿನೊಳಗೆ ಜನರನ್ನು ಕಾಪಾಡುವ ತುರ್ತು ಯೋಜನೆ ಜಿಲ್ಲಾಡಳಿತದ ಹೊಣೆ. ಆ ಜನ ಹೊರಡಬೇಕಾದ ರಸ್ತೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು, ಜನರನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿ, ರಾಷ್ಟ್ರೀಯ ಹೆದ್ದಾರಿ 66ನ್ನು ಹಲವು ದಿನ ಮುಚ್ಚಿತು. ಮೂರು ವಾರ ಕಳೆದಿತ್ತಷ್ಟೇ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಲಾರಿಯೊಂದರ ಸಮೇತ ನೀರಿಗೆ ಬಿತ್ತು. ದಕ್ಷಿಣಕ್ಕೆ ನಮ್ಮ ಕಡೆಗೆ ಬರುವ ದಾರಿ ಒಂದು, ಉತ್ತರಕ್ಕೆ ಗೋವಾದ ಕಡೆಗೆ ಹೋಗುವ ದಾರಿ ಇನ್ನೊಂದು. ಯಲ್ಲಾಪುರದ ಕಡೆಗೆ ಹತ್ತುವ ಘಟ್ಟದ ರಸ್ತೆಗಳಲ್ಲಿ ಮಳೆಗಾಲದಲ್ಲಿ ಧರೆ ಜಾರುವುದು ಯಾರಿಗೂ ಹೊಸ ಸುದ್ದಿಯಲ್ಲ. ಆ ವರ್ಷದ ಅದೇ ಮಳೆಯಲ್ಲಿ ಕೈಗಾದಲ್ಲಿ ಸೈರನ್ ಕೂಗಿದ್ದರೆ ಎಂಬ ಯೋಚನೆ ನನ್ನನ್ನು ಹಲವು ರಾತ್ರಿ ಕಾಡಿದೆ.

ಇನ್ನು ಆಸ್ಪತ್ರೆ. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಅಲ್ಲಿನ ಜನ ವರ್ಷಗಳಿಂದ ಕೇಳುತ್ತಿದ್ದಾರೆ. ಇಂದಿಗೂ ಅಲ್ಲಿನ ಗಂಭೀರ ರೋಗಿಗಳ ಆಂಬುಲೆನ್ಸುಗಳು ಮಣಿಪಾಲಕ್ಕೆ, ಮಂಗಳೂರಿಗೆ ಓಡಿ ಬರುವುದನ್ನು ನಾವು ದಿನವೂ ಹೆದ್ದಾರಿಯಲ್ಲಿ ನೋಡುತ್ತೇವೆ. ಅಲ್ಲಿ ಏನಾದರೂ ಆದರೆ ಮೊದಲು ತಟ್ಟುವುದು ನಮ್ಮ ಬಾಗಿಲನ್ನೇ. ಫುಕುಶಿಮಾದಲ್ಲಿ ಆಸ್ಪತ್ರೆ ಮತ್ತು ಆರೈಕೆ ಕೇಂದ್ರಗಳಿಂದ ಸಾಗಿಸುವ ಗಡಿಬಿಡಿಯಲ್ಲೇ ಆ ತಿಂಗಳು ಕನಿಷ್ಠ 60 ರೋಗಿಗಳು ತೀರಿಕೊಂಡರೆಂದು ಕುರೊಕಾವಾ ಆಯೋಗ ಹೇಳಿದೆ. ನಮಿಯೆ ಎಂಬ ಪಟ್ಟಣದ ಜನ, ಗಾಳಿ ಎತ್ತ ಬೀಸುತ್ತಿದೆಯೆಂಬ ಸರ್ಕಾರದ ಲೆಕ್ಕಾಚಾರ ತಮ್ಮ ಕೈಗೆ ತಲುಪದೆ, ವಿಕಿರಣ ಹೋದ ದಿಕ್ಕಿಗೇ ಹೋಗಿ ಆಶ್ರಯ ಪಡೆದರು.

ಅಪಘಾತದ ನಂತರದ ಶಿಫಾರಸುಗಳ ಗತಿ ಏನಾಗುತ್ತದೆಂಬ ಆತಂಕ ಮಂಗಳೂರಿನವರಿಗೆ ಪುಸ್ತಕದಿಂದ ಬಂದದ್ದಲ್ಲ. 2010ರ ಮೇ 22ರ ಬೆಳಗ್ಗೆ ಬಜಪೆಯಲ್ಲಿ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಹೋದರು. ಬದುಕುಳಿದವರು ಎಂಟು ಮಂದಿ. ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದಲ್ಲಿ ತನಿಖೆಯಾಯಿತು, ಹತ್ತು ಹಲವು ಶಿಫಾರಸುಗಳು ಬಂದವು. 2020ರ ಆಗಸ್ಟ್ 7ರಂದು ಅಂಥದೇ ಎತ್ತರದ ದಿಬ್ಬದ ಮೇಲಿನ ಕೇರಳದ ಕರಿಪ್ಪುರದ ರನ್‌ವೇಯಲ್ಲಿ ಮತ್ತೊಂದು ವಿಮಾನ ಜಾರಿ ಬಿದ್ದಾಗ, ನಾವೆಲ್ಲ ಹತ್ತು ವರ್ಷ ಹಿಂದಿನ ವರದಿಯನ್ನು ಹುಡುಕಿ ತೆಗೆದು, ಯಾವುದು ಆಗಿತ್ತು ಯಾವುದು ಆಗಿರಲಿಲ್ಲ ಎಂದು ಪತ್ರಿಕೆಗಳ ತುಣುಕುಗಳಿಂದ ಕೂಡಿಸಿ ನೋಡಬೇಕಾಯಿತು. ಪ್ರತಿವರ್ಷ ಒಂದು ಪುಟದ ಅನುಪಾಲನಾ ವರದಿ ಇದ್ದಿದ್ದರೆ ಆ ಹುಡುಕಾಟ ಬೇಕಿರಲಿಲ್ಲ.

ನಿಯಂತ್ರಣ ಮಂಡಳಿ ಸುಮ್ಮನೆ ಕುಳಿತಿದೆ ಎಂದು ನಾನು ಹೇಳಲಾರೆ. ಪರವಾನಗಿಯನ್ನು ಅದು ಒಮ್ಮೆಗೆ ಐದು ವರ್ಷಕ್ಕಿಂತ ಹೆಚ್ಚಿಗೆ ಕೊಡುವುದಿಲ್ಲ, ಹತ್ತು ವರ್ಷಕ್ಕೊಮ್ಮೆ ಸ್ಥಾವರದ ಸಮಗ್ರ ಪರಾಮರ್ಶೆ ನಡೆಸುತ್ತದೆ, ವಾರ್ಷಿಕ ವರದಿ ಪ್ರಕಟಿಸುತ್ತದೆ. ಫುಕುಶಿಮಾದ ಬೆನ್ನಿಗೇ ಅದು ಸಮಿತಿ ರಚಿಸಿ ನಮ್ಮ ಎಲ್ಲ ಸ್ಥಾವರಗಳನ್ನೂ ಪರಿಶೀಲಿಸಿತು. ಹೊರಗಿನಿಂದ ನೀರು ಹಾಯಿಸುವ ಕೊಳವೆ ಜೋಡಣೆ, ಹೆಚ್ಚುವರಿ ಡೀಸೆಲ್ ಜನರೇಟರು, ಹೈಡ್ರೋಜನ್ ಕೂಡಿಕೊಳ್ಳದಂತೆ ಮಾಡುವ ಸಾಧನ, ಒತ್ತಡ ಏರಿದರೆ ಸೋಸಿ ಹೊರಬಿಡುವ ವ್ಯವಸ್ಥೆ ಮುಂತಾದವನ್ನು ತಕ್ಷಣದ, ಮಧ್ಯಮಾವಧಿಯ, ದೀರ್ಘಾವಧಿಯ ಕೆಲಸಗಳೆಂದು ವಿಂಗಡಿಸಲಾಯಿತು. ಅದೆಲ್ಲ ಒಳ್ಳೆಯದೇ. ನಾನು ಕೇಳುತ್ತಿರುವುದು ಆ ವಿಂಗಡಣೆಯ ಪಕ್ಕದಲ್ಲಿ ಇನ್ನೊಂದು ಅಂಕಣ: ಕೈಗಾದ ಯಾವ ಘಟಕದಲ್ಲಿ ಯಾವುದು ಯಾವ ದಿನಾಂಕಕ್ಕೆ ಮುಗಿಯಿತು, ಮುಗಿಯದಿದ್ದರೆ ಏಕೆ ಎಂಬುದು. ವಾರ್ಷಿಕ ವರದಿಗಳಲ್ಲಿ ಅಲ್ಲಲ್ಲಿ ಚೆದುರಿರುವ ವಾಕ್ಯಗಳನ್ನು ಕೂಡಿಸಿಕೊಂಡು ಸಾಮಾನ್ಯನೊಬ್ಬ ಅದನ್ನು ತಿಳಿಯಲಾರ. ಕನ್ನಡದಲ್ಲಿ ಸಿಕ್ಕರೆ ಮಲ್ಲಾಪುರದ, ಕದ್ರಾದ ಜನರೂ ಓದಿಯಾರು.

ರಾಷ್ಟ್ರದ ಭದ್ರತೆಯ ಮಾತು ಎದುರಾಗುತ್ತದೆಂದು ಬಲ್ಲೆ. ಸ್ಥಾವರದ ನಕ್ಷೆಯನ್ನು ಯಾರೂ ಕೇಳುತ್ತಿಲ್ಲ, ದಿನಾಂಕಗಳನ್ನು ಕೇಳುತ್ತಿದ್ದೇವೆ. ಜನ ಹೆದರುತ್ತಾರೆ ಎಂಬ ಇನ್ನೊಂದು ಮಾತೂ ಇದೆ. 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರಿಗೆ ಯಾರೋ ವಿಕಿರಣ ಸೂಸುವ ಟ್ರಿಟಿಯಂ ಇರುವ ಭಾರಜಲ ಬೆರೆಸಿ, 50ಕ್ಕೂ ಹೆಚ್ಚು ಸಿಬ್ಬಂದಿಯ ದೇಹಕ್ಕೆ ಅದು ಸೇರಿದ್ದು ನೆನಪಿರಬಹುದು. ಸ್ಥಾವರದ ಮಾಮೂಲಿ ಮೂತ್ರ ಪರೀಕ್ಷೆಯಲ್ಲೇ ಅದು ಪತ್ತೆಯಾಯಿತು ಎಂಬುದು ಮೆಚ್ಚಬೇಕಾದ ಸಂಗತಿ. ಆದರೆ ಸುದ್ದಿ ಹೊರಬಿದ್ದದ್ದು ಕೆಲವು ದಿನಗಳ ಬಳಿಕ, ಮತ್ತು ಆ ವಾರ ಕಾರವಾರದ ಮೀನು ತಿನ್ನಬಹುದೇ ಎಂದು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ಅವರ ಹೆದರಿಕೆ ಹುಟ್ಟಿದ್ದು ಮಾಹಿತಿಯಿಂದಲ್ಲ, ಮಾಹಿತಿ ತಡವಾದದ್ದರಿಂದ.

ತಾವು ಮೂವರೂ ಒಟ್ಟಾಗಿ, ಪಕ್ಷದ ಲೆಕ್ಕ ಬದಿಗಿಟ್ಟು, ಎರಡು ಕೆಲಸ ಮಾಡಬೇಕೆಂದು ಬೇಡುತ್ತೇನೆ. ಹೊಸ ಕಾಯ್ದೆಯಡಿ ರೂಪುಗೊಳ್ಳುವ ನಿಯಮಗಳಲ್ಲಿ, ನಿಯಂತ್ರಣ ಮಂಡಳಿಯು ಪ್ರತಿ ಅಪಘಾತ ಮತ್ತು ಪರಾಮರ್ಶೆಯ ನಂತರದ ಶಿಫಾರಸುಗಳ ಜಾರಿಯ ಬಗ್ಗೆ ಸ್ಥಾವರವಾರು, ಘಟಕವಾರು ವರದಿಯನ್ನು ಪ್ರತಿವರ್ಷ ಸಂಸತ್ತಿನ ಎರಡೂ ಸದನಗಳಲ್ಲಿ ಮಂಡಿಸಬೇಕೆಂದು ಬರೆಯುವಂತೆ ಒತ್ತಾಯಿಸಿ. ಕೈಗಾದ 5 ಮತ್ತು 6ನೆಯ ಘಟಕಗಳಿಗೆ ಚಾಲನೆಯ ಪರವಾನಗಿ ಕೊಡುವ ಮೊದಲು ಕೈಗಾದ ಪೂರ್ಣ ವರದಿ ಸದನದ ಮುಂದೆ ಬಂದಿರಲಿ. ಅದಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಮುಂದಿನ ಅಧಿವೇಶನದಲ್ಲೇ ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು ಕೇಳಬಹುದು. ತಮ್ಮ ಅನುಕೂಲಕ್ಕೆ ಕರಡನ್ನು ಇಲ್ಲಿಯೇ ಬರೆದಿದ್ದೇನೆ:

"ಫುಕುಶಿಮಾ ಅಪಘಾತದ ನಂತರ ಕೈಗಾ ಸ್ಥಾವರದ 1ರಿಂದ 4ರವರೆಗಿನ ಘಟಕಗಳಿಗೆ ಸೂಚಿಸಲಾದ ಸುರಕ್ಷತಾ ಸುಧಾರಣೆಗಳು ಯಾವುವು, ಅವುಗಳಲ್ಲಿ ಪ್ರತಿಯೊಂದೂ ಪ್ರತಿ ಘಟಕದಲ್ಲಿ ಪೂರ್ಣಗೊಂಡ ದಿನಾಂಕ ಯಾವುದು, ಪೂರ್ಣಗೊಳ್ಳದಿದ್ದಲ್ಲಿ ಕಾರಣವೇನು ಮತ್ತು ಹೊಸ ಗಡುವು ಯಾವುದು, ಶಿರೂರಿನ ಗುಡ್ಡ ಕುಸಿತ ಮತ್ತು ಕಾಳಿ ಸೇತುವೆಯ ಕುಸಿತದ ನಂತರ ಸ್ಥಾವರದ ಹೊರಗಿನ ತುರ್ತು ಯೋಜನೆಯನ್ನು, ಮಳೆಗಾಲದಲ್ಲಿ ರಸ್ತೆಗಳು ಮುಚ್ಚಿರುತ್ತವೆಂದು ಭಾವಿಸಿ, ಪರಿಷ್ಕರಿಸಲಾಗಿದೆಯೇ, ಆಗಿದ್ದಲ್ಲಿ ಯಾವ ದಿನಾಂಕದಂದು, ಮತ್ತು ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಆಡಳಿತ ಹಾಗೂ ಆಸ್ಪತ್ರೆಗಳಿಗೆ ಅದರ ಪ್ರತಿಯನ್ನು ಕೊಡಲಾಗಿದೆಯೇ ಎಂಬುದನ್ನು ಪ್ರಧಾನ ಮಂತ್ರಿಯವರು ತಿಳಿಸುವರೇ?"

ತಮ್ಮ ಉತ್ತರವನ್ನು ಎದುರುನೋಡುತ್ತಾ,

ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ
ಉಡುಪಿ